ಮೈಕ್‌ಸೆಟ್ ನಬೀಸಾಬ್ ಮತ್ತು ಗೆದ್ದಲು ತಿಂದ ಪಿಯಾನೊ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮಾನ್ವಿಯ ಚರ್ಚಿನ ನೆಲದ ಮೇಲೆ ಕುಕ್ಕರುಗಾಲಲ್ಲಿ ಕುಳಿತ ನಬೀಸಾಬ್ ಮರದ ಪೆಟ್ಟಿಗೆಯೊಂದಕ್ಕೆ ಹತ್ತಿ ತುರುಕುತ್ತಿದ್ದಾರೆ. ಹೆಂಡತಿ ಬಡೇಬೀ ಬಟ್ಟೆ ಇಡುತ್ತಿದ್ದ ಸಂದೂಕ ಅದು. ಈಗ ಅದಕ್ಕೆ ಎರಡು ತೂತು ಕೊರೆದು ಹಳೆಯ ರೇಡಿಯೊ ಸ್ಪೀಕರುಗಳನ್ನು ಕೂರಿಸಿದ್ದಾರೆ. ನಿನ್ನೆ ರಾಯಚೂರಿನಿಂದ ಬಸ್ಸಿನ ಮೇಲೆ ಹೇರಿಕೊಂಡು ಬಂದದ್ದು.

"ಹತ್ತಿ ಹಾಕಿದ್ರ ಡಬ್ಬಿ ಬಡದಂಗ ಬರೋ ಸಪ್ಪಳ ಒಳಗ ಅಡಗ್ತದರೀ," ಎನ್ನುತ್ತಾರೆ. ಇವರ ಬಗ್ಗೆ ಬರೆಯಲು ಬಂದ ನಾನು ಏನಾದರೂ ಕೇಳಬೇಕೆಂದರೆ ಅವರ ಬಲಗಿವಿಗೆ ಬಾಯಿಟ್ಟು ಕೂಗಬೇಕು. ಎಡಗಿವಿ ಹೋಗಿ ವರ್ಷಗಳಾದವು.

ದೇವದುರ್ಗ, ಮಸರಕಲ್, ಮಟಮಾರಿ, ಎಲ್ಲಿ ಮದುವೆಯಾದರೂ ಧ್ವನಿವರ್ಧಕದ ಹಾರ್ನ್ ಕಟ್ಟಿದವರು ಇವರೇ. ಅದರ ಬುಡದಲ್ಲೇ ಕುಳಿತು ದಿನಗಟ್ಟಲೆ ಹಾಡು ಹಾಕಿದವರು. ಸಪ್ಪಳ ಸಾಲದೆಂದು ಬೀಗರು ಬೈದರೆ ಇನ್ನಷ್ಟು ಏರಿಸಿದವರು. ಮದುವೆಯಾದವರೆಲ್ಲ ಸುಖವಾಗಿದ್ದಾರೆ, ಕಿವಿ ಹೋದದ್ದು ಇವರದು. ನನಗೆ ಸಿಟ್ಟು ಬರುತ್ತದೆ. ಅವರಿಗೆ ಬರುವುದಿಲ್ಲ.

ಸಾವಿರದ ಒಂಬೈನೂರ ಎಪ್ಪತ್ತರ ಆಸುಪಾಸಿನಲ್ಲಿ ಮೈಕ್ ಕಟ್ಟಲು ಈ ಚರ್ಚಿಗೆ ಬಂದಾಗ, ಇಲ್ಲಿನ ಅನ್ನಮ್ಮನವರು ಪಿಯಾನೊ ನುಡಿಸುವುದನ್ನು ಮೊದಲ ಸಲ ಕೇಳಿದರು. "ಸಪ್ಪಳ ಹಂಗ ನಿಂತಿರ್ತಿತ್ತರೀ, ನಿಧಾನಕ ಹೋಗ್ತಿತ್ತು. ನನ್ನ ಹಾರ್ನಿನ್ಯಾಗ ಒಮ್ಮೆನೂ ಹಂಗ ಕೇಳಿಲ್ಲ." ಆ ಪಿಯಾನೊವನ್ನು ಗೆದ್ದಲು ತಿಂದು ಮುಗಿಸಿತು. ಹೋದ ವರ್ಷ, ಎಂಬತ್ತೇಳರಲ್ಲಿ, ಹೈದರಾಬಾದಿನ ಭಕ್ತರೊಬ್ಬರು ಕರೆಂಟಿನ ಕೀಬೋರ್ಡ್ ಕೊಟ್ಟರು. ಅದರಲ್ಲಿ ಪಿಯಾನೊ ಎಂದು ಬರೆದ ಗುಂಡಿಯೇನೋ ಇದೆ. ಹಾರ್ನಿಗೆ ಸೇರಿಸಿದರೆ ಸಿಲಾವರದ ತಟ್ಟೆ ಬಿದ್ದ ಸದ್ದು.

ಅಂದಿನಿಂದ ನಬೀಸಾಬರಿಗೆ ಆ ಪಿಯಾನೊದ ಸಪ್ಪಳವನ್ನು ಕೀಬೋರ್ಡಿನಿಂದ ಬರಿಸುವ ಹುಚ್ಚು. ಹಾರ್ನ್ ಇಳಿಸಿದರು. ಆಂಪ್ಲಿಫೈಯರಿನಲ್ಲಿ ಮೈಕಿನ ತೂತು ಬಿಟ್ಟು ಗ್ರಾಮಫೋನಿನ ತೂತಿಗೆ ವೈರ್ ಕೊಟ್ಟರು. ಒಮ್ಮೆ ತಮ್ಮ ಮಂದ ಕಿವಿಗೆ ಹಿತವಾಗುವಷ್ಟು ಸದ್ದನ್ನು ಚುರುಕು ಮಾಡಿಟ್ಟರು, ಪ್ರಾರ್ಥನೆಗೆ ಬಂದವರು ಕಿವಿ ಮುಚ್ಚಿಕೊಂಡು ಎದ್ದು ಹೋದರು. ಆಮೇಲೆ ಅನ್ನಮ್ಮನವರ ಕಿವಿಯನ್ನೇ ನಂಬಿದ್ದಾರೆ. ಪ್ರತಿ ಭಾನುವಾರ ಆರಾಧನೆ ಮುಗಿದ ಮೇಲೆ ಕೇಳುತ್ತಾರೆ, "ಆ ಸಪ್ಪಳ ಬಂತೇನ್ರೀ ಯವ್ವಾ?" ಎಂದು. ಆಕೆ ಮುಲಾಜಿಲ್ಲದೆ ಹೇಳುತ್ತಾರೆ: "ಇನ್ನೂ ಬಂದಿಲ್ಲ ನಬೀಸಾಬ್." ಆ ಮಾತು ಹೊತ್ತುಕೊಂಡು ಅವರು ಮತ್ತೊಂದು ವಾರ ದುಡಿಯುತ್ತಾರೆ.

ಇವತ್ತಿನ ಆರಾಧನೆಯೂ ಮುಗಿಯುತ್ತದೆ. ನಬೀಸಾಬ್ ಅಷ್ಟೂ ಹೊತ್ತು ಪೆಟ್ಟಿಗೆಯ ಮೇಲೆ ಅಂಗೈ ಇಟ್ಟುಕೊಂಡೇ ಕುಳಿತಿದ್ದರು. ಮೇಲಿನ ಸ್ವರಗಳಲ್ಲಿ ತಗಡು ನಡುಗಿದಂಥ ಸದ್ದು ನನಗೂ ಕೇಳಿಸಿದೆ. ಅನ್ನಮ್ಮ ಬರುತ್ತಾರೆ, ಇವರು ಎಂದಿನಂತೆ ಕೇಳುತ್ತಾರೆ. "ಇನ್ನೂ ಬಂದಿಲ್ಲ," ಎಂದು ಆಕೆ ಬಲಗಿವಿಯಲ್ಲಿ ಹೇಳುತ್ತಾರೆ. ಇವರು ಮುಖ ನೋಡುತ್ತಾರೆ. ಆಕೆ ಮತ್ತೆ ಜೋರಾಗಿ ಹೇಳಿದರೂ ಕೇಳಿಸದವರಂತೆ ನೋಡುತ್ತಾರೆ; ಬಲಗಿವಿಯೂ ಸೋತಿದೆ. ಅನ್ನಮ್ಮನವರ ಕಣ್ಣು ತುಂಬುತ್ತದೆ. ಎದುರಿಗೆ ಬಂದು, ತುಟಿ ಕಾಣುವಂತೆ ನಿಧಾನವಾಗಿ ಹೇಳುತ್ತಾರೆ: "ಬಂತು ನಬೀಸಾಬ್. ಅದೇ ಸಪ್ಪಳ."

ಪೆಟ್ಟಿಗೆಗೆ ಹಗ್ಗ ಬಿಗಿಯುತ್ತ ಅವರು ನನ್ನ ಕಡೆ ತಿರುಗುವುದಿಲ್ಲ.

"ಸಪ್ಪಳ ಬಂದಿಲ್ಲರೀ. ಅವರು ಕೀಬೋರ್ಡಿನ ಮ್ಯಾಲಿಂದ ಬಟ್ಟು ಎತ್ತಿದ ಕೂಡ್ಲೇ ಪೆಟಿಗಿ ನಡಗೋದು ನಿಂತುಬಿಡ್ತದ, ನನ್ನ ಅಂಗೈಗೆ ಗೊತ್ತಾಗ್ತದ. ಯವ್ವ ಒಂದಿನಾನೂ ನನಗ ಸುಳ್ಳು ಹೇಳಿದವರಲ್ಲ, ಇವತ್ತ ಹೇಳಿದ್ರು. ಬರೋ ಆಯ್ತಾರ ಮತ್ತ 'ಬಂದಿಲ್ಲ' ಅನ್ಲಿ, ಅಷ್ಟ ಸಾಕು ನನಗ. ನಾ ಇನ್ನೂ ಮಾಡ್ತೀನಿ ಅಂತ ಒಬ್ಬರರ ನಂಬ್ಯಾರ ಅಂದಂಗಾತು."