ಬರ್ಫಿನ ಶೆಡ್ಡಿನಿಂದ ತಂದ ಕೈ

ಅದು ರೊಟ್ಟಿ ಸೀದ ವಾಸನೆಯಲ್ಲ ಎಂದು ಮೊದಲು ಗುರುತಿಸಿದವರು ನನ್ನ ಅತ್ತೆ. ಹೋದ ಶ್ರಾವಣದ ಒಂದು ಬೆಳಗ್ಗೆ ಹಂಚಿನ ಮುಂದೆ ಕುಳಿತಿದ್ದೆ. ಜೋಳದ ರೊಟ್ಟಿಯನ್ನು ಬೆರಳಿನಿಂದಲೇ ಹೊರಳಿಸಿ ಹಾಕುವುದು ನಮ್ಮ ಮಟಕಿ ಊರಿನ ಹೆಂಗಸರ ರೂಢಿ. ಚುರ್ ಎನ್ನುವ ಮೊದಲೇ ಕೈ ಹಿಂದಕ್ಕೆ ಬರಬೇಕು. ಅಂದು ನನ್ನ ಕೈ ಹಂಚಿನ ಮೇಲೇ ಇತ್ತು, ನಾನು ಮಗಳಿಗೆ ಬೈಯುತ್ತಿದ್ದೆ.

“ಶಾಂತಾ, ಕೈ ಸುಡಾಕತ್ತದ, ಗೊತ್ತಾಗವಲ್ದೇನು?” ಅತ್ತೆ ನನ್ನನ್ನು ಕೂಗಿದರು.

ಗೊತ್ತಾಗಿರಲಿಲ್ಲ.

ಬೆರಳ ತುದಿಯಲ್ಲಿ ಗುಳ್ಳೆ ಎದ್ದಿತ್ತು. ನೋವಿಲ್ಲ. ನೋವಿಲ್ಲದ್ದಕ್ಕೇ ನಾನು ಹೆದರಿದ್ದು. ಚಿಕ್ಕಂದಿನಲ್ಲಿ ನಮ್ಮ ಓಣಿಯ ಒಬ್ಬಾಕೆಗೆ ಹೀಗೇ ಶುರುವಾಗಿ, ತಾಟು ತಂಬಿಗೆ ಬೇರೆ ಮಾಡಿ, ಕೊಟ್ಟಿಗೆಯ ಪಕ್ಕ ಮಲಗಿಸಿದ್ದನ್ನು ನೋಡಿದ್ದೆ. ಕುಷ್ಠ ಎಂಬ ಮಾತನ್ನು ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ. ನಾನೂ ಆಡಲಿಲ್ಲ. ಆದರೆ ಅಂದಿನಿಂದ ಮಗಳನ್ನು ಮುಟ್ಟುವುದು ಬಿಟ್ಟೆ. ಇನ್ನೂ ಶಾಲೆಗೆ ಹೋಗದ ಕೂಸು. ಅತ್ತೆಯ ಮಗ್ಗುಲಲ್ಲಿ ಮಲಗಿ ನನ್ನನ್ನೇ ನೋಡುತ್ತಿತ್ತು.

ಆಳಂದದ ದವಾಖಾನೆಗೆ ನಾನು, ಗಂಡ, ಅತ್ತೆ ಮೂವರೂ ಬಸ್ಸಿನಲ್ಲಿ ಹೋದೆವು. ಡಾಕ್ಟರು ಮೈಸೂರು ಕಡೆಯವರು, ಸಣ್ಣ ವಯಸ್ಸು. ಕಣ್ಣು ಮುಚ್ಚಿಸಿ, ಪಿನ್ನು ಚುಚ್ಚಿದಾಗ ಹೇಳಿ ಎಂದರು. ಗೊಂಬೆಯ ಹಾಗೆ ಸುಮ್ಮನೆ ಕುಳಿತೇ ಇದ್ದೆ. ಪಕ್ಕದಲ್ಲಿ ಅತ್ತೆ ಉಸಿರು ಒಳಕ್ಕೆಳೆದುಕೊಂಡದ್ದು ಕೇಳಿದ ಮೇಲೇ ಚುಚ್ಚುತ್ತಿದ್ದಾರೆ ಎಂದು ತಿಳಿದದ್ದು.

“ಲೆಪ್ರಸಿ ಇರಬಹುದು. ಚರ್ಮದ ಸ್ಮಿಯರ್ ಟೆಸ್ಟ್ ಮಾಡೋಣ.”

ಎಲ್ಲಿ ಏನು ಕೆಲಸ ಮಾಡುತ್ತಿದ್ದಳು ಎಂದು ಅವರು ಕೇಳಿದರು. ರತ್ನಾಗಿರಿ ಕಡೆ ಮಾವಿನಹಣ್ಣಿನ ಕಂಪನಿಯಲ್ಲಿ ಎಂದರು ನನ್ನ ಗಂಡ. ಆ ಮಾವಿನಹಣ್ಣು ಅವರೇ ಹುಟ್ಟಿಸಿದ್ದು. ಗುಳೆ ಹೋಗಿ ಅವರು ಅಲ್ಲಿ ರಸ್ತೆ ಕೆಲಸಕ್ಕಿದ್ದಾಗ ನಾನು ಬಂದರಿನ ಪಕ್ಕದ ಶೆಡ್ಡಿನಲ್ಲಿ ಸೀಗಡಿ ಸುಲಿಯುತ್ತಿದ್ದೆ. ಕೊರಳಲ್ಲಿ ಲಿಂಗ ಕಟ್ಟಿದ ಮನೆತನದ ಸೊಸೆ ಸೀಗಡಿ ಮುಟ್ಟಿದಳೆಂದರೆ ಊರಲ್ಲಿ ಮುಖ ತೋರಿಸುವುದು ಹೇಗೆ ಎಂಬುದು ಅವರ ಚಿಂತೆ.

ಅತ್ತೆ ಸೆರಗು ಸರಿಮಾಡಿಕೊಂಡರು. “ಹಣ್ಣಲ್ಲರಿ ಡಾಕ್ಟರ್ ಸಾಹೇಬ್ರೆ. ಅಕಿ ಸೀಗಡಿ ಸುಲೀತಿದ್ಳು. ಊರಿಗಿ ಬಂದ ದಿನಾನೇ ಸೀರಿ ವಾಸನಿ ಹೇಳಿತ್ತರಿ. ಖರೇ ಗೊತ್ತಾಗದೇ ಔಷಧ ಹ್ಯಾಂಗ ಕೊಡ್ತೀರಿ?”

ಗಂಡ ನೆಲ ನೋಡಿದರು. ನಾನು ಬಾಯಿಬಿಟ್ಟೆ.

ನಸುಕಿನಿಂದ ಸಂಜೆಯವರೆಗೆ ಬರ್ಫಿನ, ಅಂದರೆ ಮಂಜುಗಡ್ಡೆಯ, ನೀರಿನಲ್ಲಿ ಕೈ. ತಲೆ ಮುರಿ, ಸಿಪ್ಪೆ ಸುಲಿ, ಬೆನ್ನಿನ ಕಪ್ಪು ದಾರ ಎಳೆ. ಕೂಲಿ ತೂಕದ ಮೇಲೆ, ಹಾಗಾಗಿ ಕೈ ಕಾಸಿಕೊಳ್ಳಲು ಯಾರೂ ಏಳುತ್ತಿರಲಿಲ್ಲ. ಚರ್ಮ ಕಿತ್ತುಬರಬಾರದೆಂದು ಪಟಿಕದ ನೀರಿನಲ್ಲಿ ಬೆರಳು ಅದ್ದಿ ಮತ್ತೆ ಕೂರುತ್ತಿದ್ದೆವು. ಗ್ಲೌಸ್ ಇದ್ದವು. ಮಾಲು ಕೊಳ್ಳುವ ಜಪಾನಿನ ಸಾಹೇಬರು ನೋಡಲು ಬಂದ ದಿನ ಕೊಟ್ಟು, ಅವರ ಕಾರು ಗೇಟು ದಾಟಿದ ಕೂಡಲೇ ವಾಪಸು ಎಣಿಸಿಕೊಳ್ಳುತ್ತಿದ್ದರು. ಗ್ಲೌಸ್ ಹಾಕಿದರೆ ಕೆಲಸ ನಿಧಾನ, ನಿಧಾನವಾದರೆ ಸೀಗಡಿ ಕಪ್ಪಾಗುತ್ತದೆ, ಕಪ್ಪಾದ ಮಾಲು ಹಡಗು ಹತ್ತುವುದಿಲ್ಲ. ಸೀಗಡಿ ಕೆಡದಿರಲು ಅವರು ಪಡುತ್ತಿದ್ದ ಕಾಳಜಿಯಲ್ಲಿ ಚೂರಾದರೂ ನಮ್ಮ ಪಾಲಿಗೆ ಬಂದಿದ್ದರೆ ಸಾಕಿತ್ತು.

ಡಾಕ್ಟರು ಎರಡೂ ಕೈ ಮತ್ತೆ ನೋಡಿದರು. ಮಧ್ಯಾಹ್ನ ಬಂದ ಟೆಸ್ಟಿನಲ್ಲಿ ರೋಗ ಸಿಗಲಿಲ್ಲ. ಥಂಡಿಗೆ ನರಗಳು ಪೆಟ್ಟು ತಿಂದಿವೆ, ಸ್ಪರ್ಶ ನಿಧಾನಕ್ಕೆ ಬರಬಹುದು, ಪೂರ್ತಿ ಬರದೆಯೂ ಇರಬಹುದು, ಬರ್ಫಿಗೆ ಮಾತ್ರ ಮತ್ತೆ ಕೈ ಹಾಕಬೇಡಿ ಎಂದರು.

ಬಸ್ ಸ್ಟ್ಯಾಂಡಿನಲ್ಲಿ ಗಂಡ, ಯಾರಿಗೂ ಹೇಳಬೇಡವ್ವ ಎಂದು ತಾಯಿಗೆ ಮೆಲ್ಲಗೆ ಅಂದರು. ಅತ್ತೆ ಅಲ್ಲೇ ನಿಂತರು.

“ಮುಟ್ಟಿದ್ದು ದುಡಿಯಾಕ, ತಿನ್ನಾಕಲ್ಲ. ತಿಂದಿದ್ರೂ ನನ್ನ ಸೊಸಿನೇ.”

ಇಷ್ಟು ವರ್ಷ ಈ ಮುದುಕಿಯೊಂದಿಗೆ ಉಪ್ಪು ಹೆಚ್ಚು ಖಾರ ಕಡಿಮೆ ಎಂದು ಜಗಳವಾಡಿದ್ದೇನೆ. ಮುಂದೂ ಆಡುತ್ತೇನೆ. ಆದರೆ ಅಂದು ಆಕೆಯ ಕಾಲು ಹಿಡಿಯಬೇಕೆನಿಸಿತು.

ಆದರೂ ಭಯ ಹೋಗಲಿಲ್ಲ. ಟೆಸ್ಟೇ ತಪ್ಪಿದ್ದರೆ? ಮಗಳು ಹತ್ತಿರ ಬಂದರೆ ಕೈ ಸೆರಗಿನೊಳಗೆ ಹೋಗುತ್ತಿತ್ತು. ಗುಳಿಗೆ ನುಂಗಿದೆ, ಎಣ್ಣೆ ತಿಕ್ಕಿಸಿಕೊಂಡೆ. ರೊಟ್ಟಿ ಬಡಿಯುವುದನ್ನು ಗಂಡ ಕಲಿತರು. ಅವರ ರೊಟ್ಟಿ ನಕಾಶೆಯಂತಿರುತ್ತಿತ್ತು, ತಿಂದೆವು. ಮುಂದಿನ ಸುಗ್ಗಿಗೆ ಬಾ, ಈ ಸಲ ಗ್ಲೌಸ್ ಕೊಡುತ್ತಾರಂತೆ ಎಂದು ಶೆಡ್ಡಿಗೆ ಕೂಲಿಯಾಳು ಒಯ್ಯುವ ಮುಕಾದಮ ಹೇಳಿಕಳಿಸಿದ. ಸಂಜೆ ಕಸಿದುಕೊಳ್ಳದ ಗ್ಲೌಸೋ ಎಂದು ಕೇಳಿಕಳಿಸಿದೆ.

ತೊಗರಿ ಕೊಯ್ಲಿನ ಹೊತ್ತಿಗೆ ಒಂದು ದಿನ ಅಂಗಳದ ಬಿಸಿಲಿನಲ್ಲಿ ಕಾಳು ಹಸನು ಮಾಡುತ್ತಿದ್ದೆ. ಮಗಳು ಬಂದವಳೇ ನನ್ನ ತೊಡೆಯ ಮೇಲೆ ತಲೆ ಇಟ್ಟು ಮಲಗಿಬಿಟ್ಟಳು. ತಳ್ಳಲು ಮನಸ್ಸಾಗಲಿಲ್ಲ. ಕೈ ತನ್ನಷ್ಟಕ್ಕೇ ಅವಳ ಹಣೆಗೆ ಹೋಯಿತು.

ಸುಡುತ್ತಿತ್ತು.

ಕೈ ತೆಗೆದೆ, ಮತ್ತೆ ಇಟ್ಟೆ. ಬೆರಳ ತುದಿಗಳು ಇನ್ನೂ ಮಂಕು. ಆದರೆ ಅಂಗೈಗೆ ಬಿಸಿ ಹತ್ತಿತು, ಹಣೆಯ ಬೆವರೂ ತಿಳಿಯಿತು. ಕೂಸನ್ನು ಎದೆಗೆ ಅವುಚಿಕೊಂಡು ನಗತೊಡಗಿದೆ. ಅತ್ತೆ ಹೊರಗೆ ಬಂದು ಮೊಮ್ಮಗಳನ್ನು ಮುಟ್ಟಿ ನೋಡಿ ನನ್ನ ಮೇಲೆ ಹರಿಹಾಯ್ದರು.

“ಕೂಸಿಗಿ ಜ್ವರ ಬಂದಾವ, ನೀ ನಗಾಕತ್ತಿ. ತಲಿ ಕೆಟ್ಟದೇನು?”

“ಜ್ವರ ಬಂದಿದ್ದು ನನಗ ಮೊದಲ ಗೊತ್ತಾತು, ಅತ್ತಿ.”

ಅತ್ತೆ ಒಂದು ಗಳಿಗೆ ನನ್ನ ಕೈಯನ್ನೇ ನೋಡಿದರು. ಆಮೇಲೆ ಕಷಾಯಕ್ಕೆ ನೀರಿಡಲು ಒಳಗೆ ಹೋದರು. ಮಗಳನ್ನು ನನ್ನಿಂದ ಎತ್ತಿಕೊಳ್ಳಲಿಲ್ಲ.