ಕಿವಿಯ ಹಿಂದಿನ ಗುಂಡಿ

ಕಾಡುಪ್ರಾಣಿಗಳ ಚಿತ್ರ ಬರೆಯುವುದು, ಮೂರ್ತಿ ಮಾಡುವುದು ನನ್ನ ಕಸುಬು. ಕುಶಾಲನಗರದ ಹತ್ತಿರ, ಮನೆಯ ಹಿಂದೆಯೇ ಒಂದು ತಗಡಿನ ಶೆಡ್ಡು. ಅದರೊಳಗೆ ಅರ್ಧ ಮುಗಿದ ಕಾಟಿಕೋಣ, ಬಾಲವಿಲ್ಲದ ಹುಲಿ, ಮತ್ತೆ ನಾನು. ಕೆಲಸದ ವಿಷಯದಲ್ಲಿ ನಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ಮನೆಯವರ ದೂರು. ಸುಳ್ಳೇನಲ್ಲ.

ಒಂದು ವರ್ಷ ಹತ್ತಿರದ ಆನೆ ಶಿಬಿರದ ಮುದಿ ಸಲಗ ಸತ್ತುಹೋಯಿತು. ಅದರದೇ ಅಳತೆಯ ಸಿಮೆಂಟಿನ ಮೂರ್ತಿಯೊಂದನ್ನು ಶಿಬಿರದ ಗೇಟಿನ ಬಳಿ ನಿಲ್ಲಿಸಬೇಕೆಂದು ನನಗೆ ಹೇಳಿದರು. ಹೊಳೆದಂಡೆಯಲ್ಲಿ ಕೂತು ಎಷ್ಟೋ ಸಲ ಅದರ ಚಿತ್ರ ಬರೆದವಳು ನಾನು. ಸವೆದ ಎಡದಂತ, ಹರಿದ ಕಿವಿಯಂಚು, ಎಲ್ಲವೂ ನನ್ನ ಪುಸ್ತಕದಲ್ಲಿತ್ತು. ಸರಳು ಕಟ್ಟಿ, ಬಲೆ ಹೊದಿಸಿ, ಗಾರೆ ಮೆತ್ತಿ, ಮೇಲಿನ ಕೊನೆಯ ಪದರ ಮಾತ್ರ ಬಾಕಿ ಇದ್ದಾಗ ಅದರ ಮಾವುತಜ್ಜನಿಗೆ ಹೇಳಿ ಕಳಿಸಿದೆ. ಮೂವತ್ತು ವರ್ಷ ಅದರ ಕುತ್ತಿಗೆಯ ಮೇಲೆ ಕೂತವರು. ಆನೆ ಹೋದ ಮೇಲೆ ಕಾಡಂಚಿನ ತಮ್ಮ ಬುಡಕಟ್ಟಿನ ಹಾಡಿ ಬಿಟ್ಟು ಎಲ್ಲಿಗೂ ಹೋಗುತ್ತಿರಲಿಲ್ಲವಂತೆ. ಇದೇ ನನ್ನ ಆನೆ ಎಂದು ಅವರೊಬ್ಬರು ಒಪ್ಪಿದರೆ ಸಾಕು, ಬೇರೆ ಯಾರ ಮೆಚ್ಚುಗೆಯೂ ನನಗೆ ಬೇಕಿರಲಿಲ್ಲ.

ಅಜ್ಜ ಶೆಡ್ಡಿಗೆ ಬಂದರು. ಒಂದು ಸುತ್ತು ಹಾಕಿದರು. "ಚೆಂದ ಅದೆ ಅವ್ವ" ಎಂದು ಬೆಂಚಿನ ಮೇಲೆ ಕೂತುಬಿಟ್ಟರು. ಉಪ್ಪಿಲ್ಲದ ಸಾರಿಗೂ ನೆಂಟರು ಹಾಗೆಯೇ ಅನ್ನುತ್ತಾರೆ. ನನಗೆ ಮೂಗಿನ ತುದಿಯಲ್ಲೇ ಸಿಟ್ಟು.

"ಚೆಂದ ಇದ್ರೆ ಮುಖ ಯಾಕಜ್ಜ ಹಂಗೆ? ಏನ್ ತಪ್ಪಾಗಿದೆ, ಹೇಳಿ."

"ತಪ್ಪು ಅಂತ ಅಲ್ಲ ಅವ್ವ. ಕೆಳಗೆ ನಿಂತು ಅವನನ್ನ ನಾನು ನೋಡಿದ್ದೇ ಕಮ್ಮಿ."

ನಾನು ಏಣಿ ತಂದು ಇಟ್ಟೆ. ಅಜ್ಜ ಚಪ್ಪಲಿ ಬಿಟ್ಟು ಹತ್ತಿದರು, ಕುತ್ತಿಗೆಯ ಮೇಲೆ ಕೂತು ಎರಡೂ ಪಾದಗಳನ್ನು ಕಿವಿಗಳ ಹಿಂದೆ ಇಳಿಬಿಟ್ಟರು. ಕಾಲಿನ ಬೆರಳುಗಳು ಏನನ್ನೋ ಹುಡುಕಿದವು.

"ಇಲ್ಲೊಂದು ಗುಂಡಿ ಇತ್ತು. ಈ ಕಡೆ ಒಂದು, ಆ ಕಡೆ ಒಂದು. ನನ್ನ ಹೆಬ್ಬೆಟ್ಟು ಕೂರೋ ಜಾಗ."

ಕಿವಿ ಮುಚ್ಚಿಕೊಳ್ಳುವ ಜಾಗ ಅದು. ದಂಡೆಯಲ್ಲಿ ಕೂತವಳಿಗೆ ಹೇಗೆ ಕಾಣಬೇಕು? ಅಷ್ಟೊಂದು ಜಂಬ ಪಟ್ಟಿದ್ದಕ್ಕೆ ನಾಚಿಕೆಯಾಯಿತು. ಅವರನ್ನು ಅಲ್ಲೇ ಕೂರಿಸಿ, ಏಣಿ ಹತ್ತಿ ಒಂದು ಕಿವಿಯ ಹಿಂದೆ ಉಳಿಯಿಂದ ಕೆತ್ತಿ ಹಸಿ ಗಾರೆ ಹಚ್ಚಿದೆ. ಏಣಿಯನ್ನು ಆಚೆಗೆ ಒಯ್ದು ಇನ್ನೊಂದಕ್ಕೂ ಹಚ್ಚಿದೆ. ಆಮೇಲೆ ಏಣಿಯನ್ನು ಗೋಡೆಗೆ ಒರಗಿಸಿ, "ಒತ್ತಿ ಅಜ್ಜ" ಎಂದೆ.

ಅಜ್ಜ ಕಣ್ಣು ಮುಚ್ಚಿ ಒತ್ತಿದರು. ಆಮೇಲೆ ತಮ್ಮ ಭಾಷೆಯಲ್ಲಿ ಮೆಲ್ಲಗೆ ಏನೋ ಹೇಳಿ, ಬಲಗಾಲಿನ ಹೆಬ್ಬೆಟ್ಟನ್ನು ಇನ್ನೊಮ್ಮೆ ಒತ್ತಿ, ಪಕ್ಕಕ್ಕೆ ವಾಲಿದರು. ಮಾವುತ ಹೀಗೆ ಒತ್ತಿ ಇಳಿಯುವಾಗ ಆನೆ ಮುಂಗಾಲು ಮಡಚಿ ಮೆಟ್ಟಿಲು ಮಾಡಿಕೊಡುವುದನ್ನು ನಾನು ಶಿಬಿರದಲ್ಲಿ ದಿನವೂ ನೋಡಿದ್ದೆ. ಅಜ್ಜ ಆ ಕಾಲಿಗಾಗಿ ಕಾಯುತ್ತಿದ್ದರು.

ನಾನು ಆಸೆಪಟ್ಟಿದ್ದು ಸಿಕ್ಕಿತ್ತು. ಸಂತೋಷವಾಗಲಿಲ್ಲ, ಸಂಕಟವಾಯಿತು.

ಅಜ್ಜ ಕಣ್ಣು ಬಿಟ್ಟರು. ನನ್ನ ಕಡೆ ನೋಡದೆ, "ಏಣಿ ಕೊಡವ್ವ" ಎಂದರು.