ಅಪ್ಪನ ಕೂಗು

ಊರಿನವರ ದನಿಯನ್ನೆಲ್ಲ ಅಣಕಿಸಿ ಬೈಸಿಕೊಳ್ಳುವುದೇ ನನ್ನ ವಿದ್ಯೆ. ಗಂಟಲಿನ ಆಪರೇಷನ್ ಆಗಿ ಅಪ್ಪನ ದನಿ ಹೋದಮೇಲೆ ಅದೂ ಕೆಲಸಕ್ಕೆ ಬಂತು. ಅವನ ಕೂಗಿಗಲ್ಲದೆ ನಮ್ಮ ಕುರಿಗಳು ತಿರುಗುವುದಿಲ್ಲ. ಈಗ ಆ ಕೂಗು ಹಾಕುವವನು ನಾನು.

ಮೊನ್ನೆ ಸಂಜೆ ಭರಮಸಾಗರದ ಕೆರೆ ಏರಿಯ ಮೇಲೆ ಅಪ್ಪನಿಗೆ ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದೆ. ದೂರದ ಸುರುಳಿ ಗೆಲಾಕ್ಸಿ, ಅದರ ಅಂಚಿನಲ್ಲಿ ಸಿಡಿದು ಹೊಳೆಯುವ ಒಂದು ನಕ್ಷತ್ರ. ನನ್ನನ್ನು ದಿನಾ ಬೈಯುತ್ತಿದ್ದ ವಿಜ್ಞಾನದ ಮೇಷ್ಟ್ರ ಮೂಗುದನಿಯಲ್ಲೇ ಪಾಠ ಮಾಡಿದೆ:

"ಲೇ ಕೋತಿ, ಕೇಳಿಲ್ಲಿ! ಇದು ಸತ್ತು ಕೋಟಿಗಟ್ಟಲೆ ವರ್ಷ ಆಗೈತೆ. ಬೆಳಕು ಮಾತ್ರ ಈಗ ಬಂದು ಮುಟ್ಟೈತೆ."

ಅಪ್ಪ ನಗಲಿಲ್ಲ. ತನ್ನ ಗಂಟಲು ಮುಟ್ಟಿಕೊಂಡು, ಆಮೇಲೆ ನನ್ನ ಬಾಯಿಯತ್ತ ಬೆರಳು ತೋರಿಸಿದ.

"ಹಂಗೆಲ್ಲ ಅನ್ಬ್ಯಾಡಪ್ಪ," ಎಂದೆ. ಅದು ಮಾತ್ರ ನನ್ನದೇ ದನಿ. ಎಷ್ಟು ಸಣ್ಣಗಿತ್ತು!

ಹೊತ್ತು ಮುಳುಗುತ್ತಿತ್ತು. ಎದ್ದು ಅಪ್ಪನ ದನಿಯಲ್ಲಿ ಕೂಗಿದೆ. ಮಂದೆಯೆಲ್ಲ ತಿರುಗಿ ಓಡಿ ಬಂತು. ಅವನೇ ಕೈಯಾರೆ ಸಾಕಿದ ಕುಂಟು ಕುರಿಗೆ ಅಪ್ಪ ಕೈ ಚಾಚಿದ. ಅದು ಅವನನ್ನು ದಾಟಿ ಬಂದು ನನ್ನ ಮೊಣಕಾಲಿಗೆ ಮೂತಿ ಒರಗಿಸಿತು.

ಅಪ್ಪ ಮೆಲ್ಲಗೆ ಕೈಯನ್ನು ಕಂಬಳಿಯೊಳಕ್ಕೆ ಎಳೆದುಕೊಂಡ.